ದುಡ್ಡು ಕೊಟ್ಟು ‘ಆ ಕಾಲದ ವಿವರ’ ತರಿಸಿಕೊಳ್ಳುವ ಮುನ್ನ

ಐತಿಹಾಸಿಕ ಥ್ರಿಲ್ಲರ್ ಬರೆಯುತ್ತಿರುವವರು ದಯವಿಟ್ಟು ಇದನ್ನು ಓದಿ. ‘ಕತೆ ನೀವು ಬರೀರಿ, ಆ ಕಾಲದ ತಾಂತ್ರಿಕ ವಿವರ ಎಲ್ಲಾ ನಾವು ಹುಡುಕಿ ಕೊಡ್ತೀವಿ’ ಅಂತ ದುಡ್ಡು ತೆಗೆದುಕೊಳ್ಳುವವರು ಈಗ ಸಿಗುತ್ತಾರೆ. ಅಂಥ ಒಂದು ಕಡೆಯಿಂದ ನಾನು ಕಡತ ತರಿಸಿಕೊಂಡೆ. ಹೆಸರು ಇಲ್ಲಿ ಬೇಡ. ಅವರು ನಾಳೆ ಹೆಸರು ಬದಲಾಯಿಸಿಕೊಳ್ಳಬಹುದು. ಕಡತ ಹೇಗಿರುತ್ತದೆ ಅನ್ನುವುದು ಗೊತ್ತಿದ್ದರೆ ಸಾಕು.

ನನ್ನ ಕಾದಂಬರಿ ನಡೆಯುವುದು 1943ರ ಡಿಸೆಂಬರ್‌ನಲ್ಲಿ. ಕೆಜಿಎಫ್‌ನಿಂದ ಚಿನ್ನ ಕದ್ದು ಮೈಸೂರಿಗೆ ಸಾಗಿಸುವ ಕತೆ. ರೈಲು, ಪೊಲೀಸು, ಬಂದೂಕು, ದಿನದ ಹೊತ್ತು, ಗಣಿಯ ದೀಪ, ಇಂಥವುಗಳ ಬಗ್ಗೆ ಕೇಳಿದ್ದೆ. ಬಂದ ಕಡತ ನೋಡಲು ಬಲು ಚೆಂದ. ಪುಟದ ಕೆಳಗೆ ಅಡಿಟಿಪ್ಪಣಿ, ಹಳೇ ಫೋಟೋ, ಬಣ್ಣದ ನಕ್ಷೆ. ಭಾಷೆಯಲ್ಲಿ ಎಲ್ಲೂ ಅನುಮಾನವೇ ಇಲ್ಲ. ‘ಇರಬಹುದು’ ಎಂಬ ಮಾತು ಒಂದು ಕಡೆಯೂ ಇಲ್ಲ. ನಿಜವಾಗಿ ಹಳೇ ದಾಖಲೆ ಕೆದಕಿದವರು ಹೀಗೆ ಬರೆಯುವುದಿಲ್ಲ ಬಿಡಿ.

ಮೊದಲು ಕಣ್ಣಿಗೆ ಬಿದ್ದದ್ದು ವಾಚು. ಕಳ್ಳನ ಕೈಯಲ್ಲಿ ಎಚ್‌ಎಂಟಿ ಕಟ್ಟಿಸಿದ್ದರು. ಎಚ್‌ಎಂಟಿ ಕಂಪನಿ ಹುಟ್ಟಿದ್ದೇ 1953ರಲ್ಲಿ, ವಾಚು ಬಂದದ್ದು 1961ರಲ್ಲಿ. ಬೆಂಗಳೂರಿನವರಿಗೆ ಎಚ್‌ಎಂಟಿ ಮೇಲೆ ಪ್ರೀತಿ ಇರುವುದು ಸರಿ, ಆದರೆ ಹದಿನೆಂಟು ವರ್ಷ ಮುಂಚೆಯೇ ಕಟ್ಟಿಕೊಳ್ಳುವಷ್ಟು ಬೇಡ. ಇದೊಂದು ಸಣ್ಣ ತಪ್ಪು ಅಂತ ಬಿಡಬಹುದಿತ್ತು. ಆದರೆ ಗಡಿಯಾರದ ತಪ್ಪು ವಾಚಿಗೇ ನಿಲ್ಲಲಿಲ್ಲ.

ಕತೆಯ ಮುಖ್ಯ ದೃಶ್ಯ ನಡೆಯುವುದು ಬೆಳಗಿನ ಜಾವ. ಕತ್ತಲು ಹರಿಯುವ ಮೊದಲು ಕಳ್ಳರು ಊರು ಬಿಡಬೇಕು. ಕಡತದಲ್ಲಿ ‘ಡಿಸೆಂಬರ್‌ನಲ್ಲಿ ಸೂರ್ಯೋದಯ ಸುಮಾರು 6.30’ ಅಂತ ಬರೆದಿತ್ತು. ಇವತ್ತಿನ ಲೆಕ್ಕಕ್ಕೆ ಸರಿ. ಆದರೆ ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಟ್ಟಿದ್ದರು. ಅಂದರೆ ಗೋಡೆ ಗಡಿಯಾರ ಏಳು ತೋರಿಸುವಾಗಲೂ ಹೊರಗೆ ಪೂರ್ತಿ ಬೆಳಕಾಗಿರುತ್ತಿರಲಿಲ್ಲ, ಸೂರ್ಯ ಏಳುತ್ತಿದ್ದದ್ದು ಏಳೂವರೆ ಸುಮಾರಿಗೆ. ಇಡೀ ದರೋಡೆಯ ವೇಳಾಪಟ್ಟಿ ನಿಂತಿರುವುದೇ ಆ ಒಂದು ಗಂಟೆಯ ಮೇಲೆ. ಕಡತದಲ್ಲಿ ಇದರ ಸುದ್ದಿಯೇ ಇಲ್ಲ. ಇವತ್ತಿನ ಸೂರ್ಯೋದಯದ ಪಟ್ಟಿ ನೋಡಿ, ವರ್ಷ ಮಾತ್ರ 1943 ಅಂತ ಹಾಕಿದ್ದಾರೆ ಅನ್ನುವುದು ಅಲ್ಲಿಗೆ ಸ್ಪಷ್ಟವಾಯಿತು.

ಆಮೇಲೆ ಒಂದೊಂದನ್ನೇ ಜಾಲಾಡಿದೆ.

ರೈಲಿನ ವಿಷಯ ಕೇಳಿ. ಕಡತದ ಪ್ರಕಾರ ಕಳ್ಳ ಕೆಜಿಎಫ್‌ನ ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಹತ್ತಿ, ಅದೇ ಡಬ್ಬಿಯಲ್ಲಿ ಮಲಗಿ, ಮೈಸೂರಿನಲ್ಲಿ ಇಳಿಯುತ್ತಾನೆ. ಆಗುವ ಮಾತಲ್ಲ. ಮಾರಿಕುಪ್ಪಂನಿಂದ ಬಂಗಾರಪೇಟೆಗೆ, ಅಲ್ಲಿಂದ ಬೆಂಗಳೂರಿಗೆ ಬ್ರಾಡ್‌ಗೇಜ್. ಬೆಂಗಳೂರಿನಿಂದ ಮೈಸೂರಿಗೆ ಆಗ ಮೀಟರ್‌ಗೇಜ್. ಹಳಿಯ ಅಗಲವೇ ಬೇರೆ ಆದಮೇಲೆ ಡಬ್ಬಿ ಮುಂದೆ ಹೋಗುವುದು ಹೇಗೆ? ಬೆಂಗಳೂರಿನಲ್ಲಿ ಇಳಿದು, ಸಾಮಾನು ಹೊತ್ತು, ಬೇರೆ ಗಾಡಿ ಹಿಡಿಯಲೇಬೇಕು. ಬಂಗಾರಪೇಟೆಯಿಂದ ಕೋಲಾರದ ಕಡೆ ಹೊರಟರೆ ಅದು ಆಗ ಎರಡೂವರೆ ಅಡಿ ಅಗಲದ ನ್ಯಾರೋಗೇಜ್, ಮೂರನೇ ಅಳತೆ. ಥ್ರಿಲ್ಲರ್ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ ಹೇಳಿ. ಕದ್ದ ಮಾಲು ಕೈಯಲ್ಲಿ, ಸುತ್ತ ಕೂಲಿಗಳು, ಪ್ಲಾಟ್‌ಫಾರಂ ಮೇಲೆ ಪೊಲೀಸರು. ಕಡತ ಅದನ್ನೇ ನುಂಗಿಹಾಕಿತ್ತು.

ಇನ್ನು ಮಾಲು. ‘ಎರಡು ಸೂಟ್‌ಕೇಸ್ ತುಂಬ ಚಿನ್ನದ ಗಟ್ಟಿ’ ಅಂತ ಬರೆದಿದ್ದರು. ಒಂದು ಲೀಟರ್ ನೀರಿನ ಬಾಟಲಿಯಷ್ಟು ಜಾಗದ ಚಿನ್ನ 19 ಕೆಜಿಗಿಂತ ಜಾಸ್ತಿ ತೂಗುತ್ತದೆ. ಮೂವತ್ತು ಲೀಟರಿನ ಸೂಟ್‌ಕೇಸ್ ತುಂಬಿದರೆ ಅರ್ಧ ಟನ್ ದಾಟುತ್ತದೆ. ನಮ್ಮ ನಾಯಕ ಅಂಥವನ್ನು ಎರಡು ಕೈಯಲ್ಲಿ ಒಂದೊಂದು ಹಿಡಿದು ಓಡುವ ರೈಲಿನಿಂದ ಜಿಗಿಯುತ್ತಾನಂತೆ! ಇದಕ್ಕೆ ಇತಿಹಾಸ ಗೊತ್ತಿರಬೇಕಿಲ್ಲ, ಹೈಸ್ಕೂಲಿನ ಸಾಂದ್ರತೆಯ ಪಾಠ ಸಾಕು.

ಬಂದೂಕಿನ ಭಾಗವೂ ಹಾಗೇ. ಪೊಲೀಸಿನವನು ವೆಬ್ಲಿ ರಿವಾಲ್ವರಿನಿಂದ ಹಾರಿಸುತ್ತಾನೆ, ಖಾಲಿ ತೋಟಾಗಳು ಒಂದೊಂದಾಗಿ ನೆಲಕ್ಕೆ ಉದುರುತ್ತವೆ, ಅದೇ ಮುಂದೆ ಸುಳಿವಾಗುತ್ತದೆ. ರಿವಾಲ್ವರಿನಲ್ಲಿ ಹಾರಿಸಿದ ತೋಟಾದ ಚಿಪ್ಪು ಸಿಲಿಂಡರಿನ ಒಳಗೇ ಉಳಿಯುತ್ತದೆ. ವೆಬ್ಲಿಯನ್ನು ಮಧ್ಯಕ್ಕೆ ಮಡಚಿ ತೆರೆದಾಗ ಮಾತ್ರ ಅವು ಹೊರಗೆ ಬರುವುದು. ಸುಳಿವೂ ಹೋಯಿತು, ಅಧ್ಯಾಯವೂ ಹೋಯಿತು.

ಪೊಲೀಸರ ಅಧಿಕಾರದ ವಿಷಯ ಇನ್ನೂ ಬೇಸರ ತರಿಸಿತು. ಕಡತದಲ್ಲಿ ‘ಬೆಂಗಳೂರು ಪೊಲೀಸ್’ ಅಂತ ಒಂದೇ ಇಲಾಖೆ. ಆಗ ಪೇಟೆ ಇದ್ದದ್ದು ಮೈಸೂರು ಮಹಾರಾಜರ ಆಳ್ವಿಕೆಯಲ್ಲಿ. ದಂಡು, ಅಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಬ್ರಿಟಿಷರ ಕೈಯಲ್ಲಿ. ಅದು ಮೈಸೂರಿಗೆ ವಾಪಸು ಬಂದದ್ದು 1947ರಲ್ಲಿ. ಪೇಟೆಯಲ್ಲಿ ತಪ್ಪು ಮಾಡಿದವನು ದಂಡಿನ ಕಡೆ ದಾಟಿದರೆ ಬೇರೆ ಆಡಳಿತ, ಬೇರೆ ಕೋರ್ಟು. ಇಷ್ಟು ಗೊತ್ತಿಲ್ಲದೆ ಆ ಕಾಲದ ಬೆಂಗಳೂರಿನಲ್ಲಿ ಪತ್ತೇದಾರಿ ಕತೆ ಕಟ್ಟಿಕೊಡುತ್ತೇವೆ ಅಂದರೆ ಏನು ಹೇಳುವುದು. ಯುದ್ಧದ ಪೆಟ್ರೋಲ್ ರೇಷನ್ ಬಗ್ಗೆಯೂ ಒಂದು ಸಾಲಿಲ್ಲ. ಇದ್ದಿಲ ಗ್ಯಾಸಿನಿಂದ ಬಸ್ಸು ಓಡುತ್ತಿದ್ದ ಕಾಲದಲ್ಲಿ ಕಳ್ಳರ ಕಾರಿಗೆ ಫುಲ್ ಟ್ಯಾಂಕ್!

ಅಡಿಟಿಪ್ಪಣಿಗಳನ್ನು ಕೊನೆಗೆ ನೋಡಿದೆ. ನೀವು ಅಲ್ಲಿಂದಲೇ ಶುರು ಮಾಡಿ. ‘1943ರ ಗಣಿ ಕೂಲಿ’ ಎಂಬ ಪಟ್ಟಿಯ ಕೆಳಗೆ ‘ಮೈಸೂರು ಗೆಜೆಟಿಯರ್, ಸಂಪುಟ 5’ ಅಂತಿತ್ತು. ಪುಟಸಂಖ್ಯೆ ಇಲ್ಲ. ಹಯವದನರಾಯರು ಸಂಪಾದಿಸಿದ ಆ ಗೆಜೆಟಿಯರ್ ಸಂಪುಟಗಳು ಅಚ್ಚಾದದ್ದು 1927ರಿಂದ 1930ರ ನಡುವೆ. 1930ರಲ್ಲಿ ಮುಗಿದ ಪುಸ್ತಕ 1943ರ ಕೂಲಿ ಹೇಳಲು ಸಾಧ್ಯವೇ? ಪಟ್ಟಿಯಲ್ಲಿದ್ದ ಮೊತ್ತವೋ, ‘ಇಷ್ಟು ರೂಪಾಯಿ 75 ಪೈಸೆ’. ಆಗ ರೂಪಾಯಿಗೆ 16 ಆಣೆ, 64 ಪೈಸೆ. ನೂರು ಪೈಸೆಯ ರೂಪಾಯಿ ಬಂದದ್ದು 1957ರ ಏಪ್ರಿಲ್ 1ಕ್ಕೆ. ಆ ಅಂಕಿ ಯಾವ ಹಳೇ ಕಾಗದದಿಂದಲೂ ಬಂದಿಲ್ಲ, ಯಾರೋ ಕೂತು ಬರೆದದ್ದು. ಯಾರೋ ಅಥವಾ ಯಾವುದೋ ಯಂತ್ರ.

ಕೇಳಿದಾಗ ಬಂದ ಉತ್ತರ ನಯವಾಗಿತ್ತು. ‘ಮೂಲಗಳು ನಮ್ಮ ಆಂತರಿಕ ಸಂಗ್ರಹದಲ್ಲಿವೆ’ ಅಂದರು. ಒಂದು ಪುಟದ ಫೋಟೋ ಕಳಿಸಿ ಅಂದೆ. ‘ಕಾಪಿರೈಟ್ ಸಮಸ್ಯೆ’ ಅಂದರು. 1930ರ ಸರ್ಕಾರಿ ಪುಸ್ತಕಕ್ಕೆ! ದುಡ್ಡು ವಾಪಸ್ ಕೇಳಿದ್ದಕ್ಕೆ, ಡಿಜಿಟಲ್ ಸಾಮಗ್ರಿ ಒಮ್ಮೆ ಕಳಿಸಿದ ಮೇಲೆ ಹಿಂದಕ್ಕೆ ಇಲ್ಲ ಎಂಬ ಷರತ್ತು ತೋರಿಸಿದರು.

ಹೀಗಾಗಿ ಯಾರಿಗಾದರೂ ಇಂಥ ಕೆಲಸ ಕೊಡುವುದಿದ್ದರೆ, ಮೊದಲು ಒಂದು ಸುಳ್ಳು ಪ್ರಶ್ನೆ ಕೇಳಿ ನೋಡಿ. ‘1943ರಲ್ಲಿ ಕೆಜಿಎಫ್‌ನ ಪಿನ್ ಕೋಡ್ ಎಷ್ಟು’ ಅನ್ನಿ. ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಕೆಲಸ ಗೊತ್ತಿರುವವರು ನಗುತ್ತಾರೆ, ಇಲ್ಲಾ ನಿಮ್ಮನ್ನು ತಿದ್ದುತ್ತಾರೆ. ಇವರಿಗೆ ಗೆಳೆಯನೊಬ್ಬನ ಕೈಯಲ್ಲಿ ಅದನ್ನೇ ಕೇಳಿಸಿದೆ. 563ರಿಂದ ಶುರುವಾಗುವ ಆರಂಕಿ ನಂಬರು ಅಡಿಟಿಪ್ಪಣಿ ಸಮೇತ ಬಂತು.

ಎರಡನೆಯದು, ಇಡೀ ಕಡತಕ್ಕೆ ಒಟ್ಟಿಗೆ ದುಡ್ಡು ಕಟ್ಟಬೇಡಿ. ಒಂದೇ ಒಂದು ದೃಶ್ಯಕ್ಕೆ ಬೇಕಾದ ವಿವರ ಕೇಳಿ, ಪ್ರತಿ ಅಂಕಿಯ ಮೂಲಪುಟದ ಫೋಟೋ ಜೊತೆಗೇ ಬರಬೇಕು ಅಂತ ಮೊದಲೇ ಬರೆಸಿಕೊಳ್ಳಿ. ಕಬ್ಬನ್ ಪಾರ್ಕಿನ ಸೆಂಟ್ರಲ್ ಲೈಬ್ರರಿಯಲ್ಲೋ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯಲ್ಲೋ ಕೂತು ನೋಡಿದವರ ಬಳಿ ಅಂಥ ಫೋಟೋ ಇದ್ದೇ ಇರುತ್ತದೆ. ನನ್ನ ದೂರು ಸದ್ಯ ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿದೆ. ಮೊನ್ನೆ ಆ ಕಡತ ಕೊಟ್ಟವರಿಂದ ಇನ್ನೊಂದು ಮೇಲ್ ಬಂದಿತ್ತು, ಮುಂದಿನ ಕಾದಂಬರಿಗೆ ರಿಯಾಯಿತಿ ಕೊಡುತ್ತಾರಂತೆ.