ಮೈಸೂರಿನ ಯೆಜ್ಡಿ ಮೆಕ್ಯಾನಿಕ್ ಅಂಗಡಿ: ಐಡ್ಲಿಂಗ್ ಸರಿ ಹೋಯ್ತು, ಟೈಮಿಗೆ ಮಾತ್ರ ಕೊಡ್ಲಿಲ್ಲ

4/5. ಒಂದು ಸ್ಟಾರ್ ಬರೀ ಟೈಮಿಗೋಸ್ಕರ ಕಟ್ ಮಾಡಿದೀನಿ, ಕೆಲಸಕ್ಕೆ ಕೇಳಿದ್ರೆ ಐದಕ್ಕೆ ಆರು ಕೊಡ್ಬೋದು.

ಗಾಡಿ ನಮ್ಮ ತಂದೆ 1984ರಲ್ಲಿ ತಗೊಂಡಿದ್ದ ಯೆಜ್ಡಿ ರೋಡ್‌ಕಿಂಗ್. ಬೆಳಿಗ್ಗೆ ತಣ್ಣಗಿದ್ದಾಗ ಐಡ್ಲಿಂಗ್ (ಎಕ್ಸಲೇಟರ್ ಕೊಡದೇ ಇದ್ರೂ ಎಂಜಿನ್ ಓಡ್ತಾ ಇರೋದು) ಚೆನ್ನಾಗೇ ನಿಲ್ಲೋದು, ಹತ್ತು ಕಿಲೋಮೀಟರ್ ಓಡಿ ಬಿಸಿ ಆಯ್ತು ಅಂದ್ರೆ ಶುರು, ಎಕ್ಸಲೇಟರ್ ಬಿಟ್ರೂ ರೇಸ್ ಇಳಿಯಲ್ಲ, ಹಾಗೇ ಮೇಲೆ ನೇತಾಡ್ತಾ ಇರುತ್ತೆ, ಆಮೇಲೆ ಇದ್ದಕ್ಕಿದ್ದಂಗೆ ಕುಸಿದು ಸಿಗ್ನಲ್ ಮಧ್ಯೆ ಆಫ್. ಹಿಂದಿನ ಆಟೋದವ್ರ ಹಾರ್ನು, ನಾನು ಗೇರ್ ಲಿವರನ್ನೇ ಒಳಗೊತ್ತಿ ಎತ್ತಿ ಕಿಕ್ಕರ್ ಮಾಡ್ಕೊಂಡು ಹೊಡೀತಾ ಇರೋದು (ಯೆಜ್ಡಿ ಗೊತ್ತಿಲ್ದವ್ರಿಗೆ ಇದೊಂದು ಸರ್ಕಸ್). ಬೆಂಗಳೂರಲ್ಲಿ ಒಂದು ದೊಡ್ಡ ಗ್ಯಾರೇಜಲ್ಲಿ ಎರಡು ಸಲ ಕಾರ್ಬ್ (ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬ್ಯುರೇಟರ್) ಕ್ಲೀನಿಂಗು, ಪ್ಲಗ್ಗು, ಕಾಯಿಲ್ಲು ಅಂತ 6,800 ರೂಪಾಯಿ ಇಸ್ಕೊಂಡ್ರು. ಎಸಿ ವೇಟಿಂಗ್ ರೂಮ್ ಚೆನ್ನಾಗಿತ್ತು.

ಕೊನೆಗೆ ಗಾಡಿನ ಹುಟ್ಟಿದ ಊರಿಗೇ ಕರ್ಕೊಂಡು ಹೋಗೋಣ ಅಂತ ಮೈಸೂರಿಗೆ ಹೊರಟೆ. ಯೆಜ್ಡಿ ಮಾಡ್ತಿದ್ದ ಐಡಿಯಲ್ ಜಾವಾ ಫ್ಯಾಕ್ಟರಿ ಯಾದವಗಿರಿಲಿತ್ತಲ್ಲ, 1996ರಲ್ಲಿ ಮುಚ್ಚಿದ್ರೂ ಅದನ್ನ ನೋಡಿ ಕೆಲಸ ಕಲಿತೋರು ಊರಲ್ಲಿ ಇನ್ನೂ ಇದಾರೆ. ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡಲ್ಲ, ಸರ್ವಿಸ್ ರೋಡಲ್ಲೇ ಸಾಗಿ, ಮದ್ದೂರಲ್ಲಿ ವಡೆ ತಿನ್ನೋಕೆ ನಿಂತಾಗ ಒಂದ್ಸಲ, ಶ್ರೀರಂಗಪಟ್ಟಣದಲ್ಲಿ ಎರಡ್ಸಲ ಆಫ್ ಆಯ್ತು.

ಅಂಗಡಿ ಮಂಡಿ ಮೊಹಲ್ಲಾದ ಒಂದು ಓಣಿಲಿ, ಬೋರ್ಡ್ ಇಲ್ಲ, ಬಾಗಿಲಿಗೆ ನೇತಾಕಿರೋ ಹಳೇ ಸೈಲೆನ್ಸರ್ರೇ ಗುರುತು. ಯಜಮಾನ್ರಿಗೆ ಎಪ್ಪತ್ತರ ಹತ್ರ ಇರ್ಬೋದು. ನಾನು ಕಥೆಯೆಲ್ಲಾ ಹೇಳೋಕೆ ಬಾಯಿ ತೆಗೆದ್ರೆ, "ತಣ್ಣಗಿರೋ ಗಾಡಿ ಏನೂ ಹೇಳಲ್ಲ ಸಾರ್, ಒಂದು ರೌಂಡ್ ಹೊಡ್ಕೊಂಡು ಬನ್ನಿ" ಅಂದ್ರು. ಬಂದ್ಮೇಲೂ ಸ್ಪ್ಯಾನರ್ ಮುಟ್ಲಿಲ್ಲ, ಬೀಡಿ ಆರಿಸಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಸುಮ್ನೆ ಕೇಳಿಸ್ಕೊಂಡ್ರು. ಆಮೇಲೆ ಸಣ್ಣ ಸ್ಕ್ರೂಡ್ರೈವರ್ ತಗೊಂಡು ಕಾರ್ಬಲ್ಲಿ ಐಡ್ಲಿಂಗಿನ ಗಾಳಿ ಹೊಂದಿಸೋ ಏರ್ ಸ್ಕ್ರೂನ ಪೂರ್ತಿ ಒಳಗೆ ತಿರುಗಿಸಿದ್ರು, ಹೊರಗೆ ತಿರುಗಿಸಿದ್ರು, ಸೌಂಡಲ್ಲಿ ಒಂಚೂರೂ ಫರಕ್ ಇಲ್ಲ. "ಸ್ಲೋ ಜೆಟ್ ಸತ್ತೋಗಿದೆ, ಯಾರೋ ಸ್ಲೈಡ್ ಎತ್ತಿ ಕೂರಿಸಿ ಐಡ್ಲಿಂಗ್ ಮಾಡಿ ಕಳ್ಸಿದಾರೆ." (ಸ್ಲೋ ಜೆಟ್ ಅಂದ್ರೆ ಐಡ್ಲಿಂಗಿಗೆ ಪೆಟ್ರೋಲ್ ಬಿಡೋ ಸಣ್ಣ ತೂತಿನ ಭಾಗ, ಸ್ಲೈಡ್ ಅಂದ್ರೆ ಎಕ್ಸಲೇಟರ್ ಕೊಟ್ರೆ ಮೇಲೇಳೋ ಭಾಗ.) ಎರಡು ಸಲ ಕ್ಲೀನಿಂಗ್ ಬಿಲ್ ಕಟ್ಟಿದೋನು ನಾನು, ಏನು ಹೇಳ್ಲಿ.

ಇಷ್ಟಕ್ಕೇ ನಿಲ್ಲಿಸ್ಲಿಲ್ಲ. ಒಂದು ಹಳೇ ಬ್ರಷ್ಷನ್ನ 2ಟಿ ಆಯಿಲಲ್ಲಿ (ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲ್ ಜೊತೆ ಬೆರೆಸೋ ಎಣ್ಣೆ) ಅದ್ದಿ, ಗಾಡಿ ಸ್ಟಾರ್ಟಲ್ಲಿರುವಾಗ್ಲೇ ಕಾರ್ಬು ಸಿಲಿಂಡರಿಗೆ ಕೂರೋ ಜಾಗಕ್ಕೆ ಸುತ್ತ ಹಚ್ಚಿದ್ರು, ನಿಜವಾಗ್ಲೂ ಎರಡು ಮೂರು ಸೆಕೆಂಡ್ ರೇಸ್ ಇಳಿದು ಐಡ್ಲಿಂಗ್ ಸಮವಾಗಿ ನಿಂತು ಮತ್ತೆ ಮೊದಲಿನಂಗೇ ಏರ್ತು. ಎಣ್ಣೆ ಸಂದಿ ಮುಚ್ಚಿದಷ್ಟು ಹೊತ್ತು ಸರಿ, ಅಂದ್ರೆ ಅಲ್ಲಿಂದ್ಲೇ ಗಾಳಿ ಎಳೀತಿದೆ. ಬಿಚ್ಚಿ ನೋಡಿದ್ರೆ ಪ್ಯಾಕಿಂಗ್ ಮೇಲೆ ಯಾರೋ ಕೆಂಪು ಗಮ್ ಮೆತ್ತಿದಾರೆ, ಅದು ಪೆಟ್ರೋಲ್ ತಾಗಿ ಹಲ್ವಾ ಆಗಿದೆ. ಕಾರ್ಬಿನ ಕಿವಿ (ಸಿಲಿಂಡರಿಗೆ ಕೂರೋ ಚಪ್ಪಟೆ ಭಾಗ) ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದು ತೋರಿಸಿದ್ರು, ನಡುವೆ ಬೆಳಕು ಕಾಣುತ್ತೆ. ನಟ್ಟನ್ನ ಜೀವ ಹೋಗೋ ಹಂಗೆ ಟೈಟ್ ಮಾಡೀ ಮಾಡೀ ಎರಡೂ ತುದಿ ಬಾಗಿದೆ. ಹೊಸ ಕಾರ್ಬ್ ಹಾಕಣ ಅಂತಾರೇನೋ ಅನ್ಕೊಂಡೆ, ಕಿಟಕಿ ಗಾಜಿನ ತುಂಡಿನ ಮೇಲೆ ಎಮರಿ ಪೇಪರ್ ಹಾಸಿ ಅರ್ಧ ಗಂಟೆ ಎಂಟರ ಆಕಾರದಲ್ಲಿ ಉಜ್ಜಿದ್ರು, ಮಧ್ಯೆ ಮಧ್ಯೆ ಸ್ಕೇಲ್ ಇಟ್ಟು ನೋಡೋದು, ಮತ್ತೆ ಉಜ್ಜೋದು.

ಸ್ಲೋ ಜೆಟ್ಟಿಗೆ ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆ ಹಾಕಿ ಚುಚ್ಚಿದ್ರೆ ಕಂದು ಪುಡಿ ಉದುರ್ತು, ಟ್ಯಾಂಕಿನ ತುಕ್ಕು. ಈಗಿನ ಎಥೆನಾಲ್ ಪೆಟ್ರೋಲ್ ನೀರು ಹೀರ್ಕೊಳ್ಳುತ್ತೆ, ತಿಂಗಳುಗಟ್ಲೆ ನಿಲ್ಸಿದ್ರೆ ಟ್ಯಾಂಕ್ ತುಕ್ಕು ಹಿಡಿಯೋಕೆ ಅಷ್ಟು ಸಾಕಂತೆ. ಟ್ಯಾಂಕಿಗೆ ಒಂದು ಹಿಡಿ ನಟ್ಟು ಬೋಲ್ಟು ಹಾಕಿ ಹುಡುಗನ ಕೈಲಿ ಅಲ್ಲಾಡಿಸಿ ತೊಳೆಸಿದ್ರು. ಪ್ಲಗ್ಗಿಗೆ ಕಿಡಿ ಕೊಡಿಸೋ ಪಾಯಿಂಟಿನ ಗ್ಯಾಪ್ 0.4 ಎಂಎಂಗೆ ಇಟ್ರು. ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕ್ಸೋದಾ ಅಂತ ಕೇಳಿದ್ದಕ್ಕೆ ಮುಖಾನೇ ನೋಡ್ಲಿಲ್ಲ, ಆ ವಿಷಯದಲ್ಲಿ ಅವ್ರದ್ದು ಹಠ ಜಾಸ್ತಿ ಆಯ್ತು ಅಂತ ನನ್ನ ಅಭಿಪ್ರಾಯ.

ಈಗ ಬಿಸಿ ಆದ್ರೂ ಐಡ್ಲಿಂಗ್ ನಿಲ್ಲುತ್ತೆ, ಗಾಡಿ ಆಫ್ ಆಗಲ್ಲ. ಗಡಿಯಾರದ ಥರ ಅಲ್ಲ, ಮಧ್ಯೆ ಒಂದೊಂದು ಏಟು ತಪ್ಪುತ್ತೆ, ಕೇಳಿದ್ರೆ "ಟೂ ಸ್ಟ್ರೋಕ್ ಸಾರ್, ಹೊಲಿಗೆ ಮಿಷನ್ ಅಲ್ಲ" ಅಂತಾರೆ. ಒಟ್ಟು 1,150 ರೂಪಾಯಿ, ಬಿಲ್ ಇಲ್ಲ, ಕ್ಯಾಶೇ ಬೇಕು.

ಇನ್ನು ಬೈಯೋ ಭಾಗ. ಶನಿವಾರ ಕೊಡ್ತೀನಿ ಅಂದೋರು ಕೊಟ್ಟಿದ್ದು ಬುಧವಾರ, ಫೋನ್ ಎತ್ತಲ್ಲ, ನಾನು ಬಸ್ಸಲ್ಲಿ ವಾಪಸ್ ಹೋಗಿ ಮತ್ತೆ ಬಸ್ಸಲ್ಲೇ ಬಂದೆ. ಬೆಳಿಗ್ಗೆ ಹನ್ನೊಂದರೊಳಗೆ ಹೋದ್ರೆ ಮಾತ್ರ ಯಜಮಾನ್ರು ಕೈಗೆ ಸಿಗೋದು, ಆಮೇಲೆ ಹುಡುಗನೇ ಗತಿ. ಬಲಗಡೆ ಕ್ರ್ಯಾಂಕ್ ಆಯಿಲ್ ಸೀಲೂ ವೀಕ್ ಆಗಿದೆ, ಅದು ಹೋದ್ರೆ ಅಲ್ಲಿಂದ್ಲೂ ಗಾಳಿ ಎಳೆದು ಇದೇ ಕಾಟ ಮತ್ತೆ ಶುರು ಅಂತ ಮೊದ್ಲೇ ಹೇಳಿದಾರೆ. ಈಗ್ಲೇ ಮಾಡಿ ಅಂದ್ರೆ ಓಡೋವರೆಗೂ ಓಡಿಸಿ, ದೀಪಾವಳಿ ಆದ್ಮೇಲೆ ಬಿಚ್ಚೋಣ ಅಂದ್ರು. ಯಾವ ವರ್ಷದ ದೀಪಾವಳಿ ಅಂತ ಹೇಳಿಲ್ಲ.