‘ಇಟ್ ಟೇಕ್ಸ್ ಟೂ’ ಮುಗಿದ ಮೇಲೆ ಇಬ್ಬರೂ ಕೂತು ಆಡೋಕೆ ಯಾವುದು?

‘ಕೋ-ಆಪ್’ (ಜೊತೆಗೂಡಿ ಆಡುವಂಥದ್ದು) ಅಂತ ಹಣೆಪಟ್ಟಿ ಹಚ್ಚಿಕೊಂಡ ಗೇಮ್‌ಗಳಲ್ಲಿ ಮುಕ್ಕಾಲು ಪಾಲು ಒಬ್ಬರೇ ಆಡುವ ಆಟಕ್ಕೆ ಇನ್ನೊಬ್ಬರನ್ನು ತಂದು ಕೂರಿಸಿದಂಥವು. ಸ್ವೀಡನ್ನಿನ ಹೇಜ್‌ಲೈಟ್ ಸ್ಟುಡಿಯೊ 2021ರಲ್ಲಿ ತಂದ ‘ಇಟ್ ಟೇಕ್ಸ್ ಟೂ’ ಹಾಗಲ್ಲ. ಅಲ್ಲಿ ಗೊಂಬೆಗಳಾಗಿಬಿಟ್ಟ ಗಂಡ-ಹೆಂಡತಿ ನೀವು: ಗಂಡ ಕೋಡಿ ಗೋಡೆಗೆ ಮೊಳೆ ಎಸೆಯದಿದ್ದರೆ ಹೆಂಡತಿ ಮೇ ತನ್ನ ಸುತ್ತಿಗೆ ಸಿಕ್ಕಿಸಿ ಜೋತಾಡಿ ದಾಟುವಂತಿಲ್ಲ. ಮುಂದಿನ ಘಟ್ಟದಲ್ಲಿ ಅವನ ಕೈಗೆ ಮರದ ಅಂಟು ಎರಚುವ ಬಂದೂಕು, ಅವಳ ಕೈಗೆ ಬೆಂಕಿಕಡ್ಡಿ. ಎರಡೂ ಸೇರಿದರಷ್ಟೇ ಸ್ಫೋಟ. ಹಾಗಾಗಿ ಇದರಂಥದ್ದನ್ನು ಹುಡುಕುವಾಗ ಒಂದೇ ಪರೀಕ್ಷೆ ಸಾಕು: ಒಬ್ಬರು ಕಂಟ್ರೋಲರ್ ಕೆಳಗಿಟ್ಟರೆ ಆಟ ನಿಲ್ಲುತ್ತದೆಯೇ? ಕೆಳಗಿನ ಐದರಲ್ಲಿ ನಾಲ್ಕು ಈ ಪರೀಕ್ಷೆಯಲ್ಲಿ ಪಾಸು. ಅವುಗಳಲ್ಲಿ ಯಾವುದು ಒಗ್ಗುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಕಥೆಗಿಂತ ನಿಮ್ಮ ಜೊತೆಗಾರರ ಕೈ ಎಷ್ಟು ಪಳಗಿದೆ ಅನ್ನುವುದು.

ಪಳಗಿದೆ ಅಂತಾದರೆ ಬೇರೇನೂ ಯೋಚಿಸದೆ ‘ಸ್ಪ್ಲಿಟ್ ಫಿಕ್ಷನ್’. ಅದೇ ಸ್ಟುಡಿಯೊ, 2025ರ ಮಾರ್ಚ್. ಮಿಯೊ ಬರೆಯುವುದು ವೈಜ್ಞಾನಿಕ ಕಥೆ, ಝೋಯಿ ಬರೆಯುವುದು ಮಾಯಾಲೋಕದ ಕಥೆ. ಇಬ್ಬರೂ ಒಂದು ಯಂತ್ರದೊಳಗೆ ಸಿಕ್ಕಿಬಿದ್ದು ಒಮ್ಮೆ ಇವಳ ಕಥೆ, ಒಮ್ಮೆ ಅವಳ ಕಥೆ ದಾಟಬೇಕು. ಮುಖ್ಯ ದಾರಿಯ ಪಕ್ಕದಲ್ಲಿ 12 ಉಪಕಥೆಗಳಿವೆ, ಒಂದನ್ನೂ ಬಿಡಬೇಡಿ. ಹಂದಿಮರಿಗಳಾಗಿ ಓಡಾಡುವ ಉಪಕಥೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದನ್ನು ಮೊದಲೇ ಓದಿಕೊಳ್ಳದಿರುವುದು ಒಳ್ಳೆಯದು. ಬೈಕ್ ಓಟದ ನಡುವೆ ಒಬ್ಬರು ಹ್ಯಾಂಡಲ್ ಹಿಡಿದು ತಪ್ಪಿಸಿಕೊಳ್ಳುತ್ತಿದ್ದರೆ ಇನ್ನೊಬ್ಬರು ಆಟದೊಳಗಿನ ಮೊಬೈಲಿನಲ್ಲಿ ‘ನಾನು ರೋಬಾಟ್ ಅಲ್ಲ’ ಅಂತ ಸಾಬೀತು ಮಾಡುತ್ತಾ ಕೂರಬೇಕು. ಈ ಸ್ಟುಡಿಯೊದ ಜಾಣತನಕ್ಕೆ ಇದೊಂದೇ ದೃಶ್ಯ ಸಾಕ್ಷಿ.

ಎಡವುವುದು ವೇಗದಲ್ಲಿ. ಹಳೆಯದಕ್ಕಿಂತ ಇದರಲ್ಲಿ ಜಿಗಿತ, ಗಾಳಿಯಲ್ಲೇ ಮುನ್ನುಗ್ಗುವುದು, ಹಗ್ಗ ಎಸೆದು ತೂಗುವುದು ಎಲ್ಲ ಒಂದರ ಬೆನ್ನಿಗೆ ಒಂದು ಬರುತ್ತವೆ. ಎಡಗೈಯಲ್ಲಿ ನಡೆಯುತ್ತಾ ಬಲಗೈಯಲ್ಲಿ ಕ್ಯಾಮೆರಾ ತಿರುಗಿಸುವುದು ಇನ್ನೂ ಅಭ್ಯಾಸವಾಗದವರು ಬೇಗ ಸುಸ್ತಾಗುತ್ತಾರೆ. ಇದಕ್ಕೆ ಸೆಟ್ಟಿಂಗ್ಸ್‌ನಲ್ಲೇ ಪರಿಹಾರ ಇದೆ: ಶತ್ರುಗಳ ಪೆಟ್ಟು ಕಡಿಮೆ ಮಾಡಬಹುದು, ತೀರಾ ಸಿಕ್ಕಿಕೊಂಡರೆ ಮುಂದಿನ ಚೆಕ್‌ಪಾಯಿಂಟಿಗೇ (ಸತ್ತರೆ ಆಟ ಮತ್ತೆ ಶುರುವಾಗುವ ಜಾಗ) ಹಾರಬಹುದು. ಆಟ ಶುರು ಮಾಡುವ ಮುಂಚೆಯೇ ಇದನ್ನು ತೋರಿಸಿಕೊಡಿ. ಹದಿನೈದನೇ ಸಲ ಸತ್ತ ಮೇಲೆ ಹೇಳಿದರೆ ಅದು ಸಹಾಯದ ಹಾಗೆ ಕೇಳಿಸುವುದಿಲ್ಲ. ಇನ್ನೊಂದು ವಿಷಯ, ಇದು ಪಿಎಸ್4ಗೆ (ಪ್ಲೇಸ್ಟೇಷನ್ 4) ಬಂದಿಲ್ಲ. ಪಿಸಿಯಲ್ಲಿ ಸುಮಾರು 85 ಜಿಬಿ ಜಾಗ ಬೇಕು, ‘ಇಟ್ ಟೇಕ್ಸ್ ಟೂ’ಗೆ 50 ಸಾಕಿತ್ತು.

ಅದೇ ಮನೆಯ ಮೂರನೆಯದು, ನಿಜಕ್ಕೆ ಮೂರರಲ್ಲಿ ಹಳೆಯದು, 2018ರ ‘ಎ ವೇ ಔಟ್’. 1972ರ ಅಮೆರಿಕ, ಜೈಲಿನಿಂದ ಪರಾರಿಯಾಗುವ ಲಿಯೊ ಮತ್ತು ವಿನ್ಸೆಂಟ್. ಆರು ಗಂಟೆಯ ಆಸುಪಾಸು, ಒಂದು ಭಾನುವಾರಕ್ಕೆ ಮುಗಿಯುತ್ತದೆ. ಕೈಚಳಕ ಕಡಿಮೆ, ಹೇಳಿದಾಗ ಹೇಳಿದ ಬಟನ್ ಒತ್ತಿದರೆ ಸಾಕು. ಅಲ್ಲಲ್ಲಿ ಲಿಯೊನ ಉಪಾಯವೋ ವಿನ್ಸೆಂಟನದೋ ಅಂತ ಆರಿಸಬೇಕು, ಇಬ್ಬರೂ ಒಪ್ಪುವವರೆಗೆ ಕಥೆ ಕದಲುವುದಿಲ್ಲ. ಒಗಟುಗಳು ಸಪ್ಪೆ. ಮಕ್ಕಳ ಜೊತೆ ಬೇಡ, ರಕ್ತಪಾತ ಇದೆ. ಕೊನೆ ಮಾತ್ರ ಇಬ್ಬರೇ ಆಡಬೇಕಾದ ಗೇಮ್ ಯಾಕೆ ಇಬ್ಬರದೇ ಆಗಿರಬೇಕು ಅನ್ನುವುದನ್ನು ಉಳಿದ ನಾಲ್ಕಕ್ಕಿಂತ ಚೆನ್ನಾಗಿ ಬಲ್ಲದು.

ಕಂಟ್ರೋಲರ್ ಹಿಡಿದೇ ಗೊತ್ತಿಲ್ಲದ ಅಮ್ಮನನ್ನೋ ಏಳೆಂಟು ವರ್ಷದ ಮಗುವನ್ನೋ ಕೂರಿಸಿಕೊಳ್ಳುವುದಾದರೆ ‘ಅನ್‌ರಾವೆಲ್ ಟೂ’. ನೂಲಿನ ಎರಡು ಪುಟ್ಟ ಗೊಂಬೆಗಳು, ನಡುವೆ ಒಂದೇ ಎಳೆ. ಪಕ್ಕದಿಂದ ಕಾಣುವ ಆಟವಾದ್ದರಿಂದ ಕ್ಯಾಮೆರಾ ತಿರುಗಿಸುವ ಗೋಜಿಲ್ಲ. ಕಷ್ಟದ ಜಾಗದಲ್ಲಿ ಒಂದು ಗೊಂಬೆ ಇನ್ನೊಂದನ್ನು ತನ್ನೊಳಗೆ ಸುತ್ತಿಕೊಂಡು ದಾಟಿಸಿಬಿಡಬಹುದು. ಮೇಲಿನ ಪರೀಕ್ಷೆಯಲ್ಲಿ ಫೇಲಾಗುವುದು ಇದೇ, ಆದರೆ ಇಂಥ ಜೋಡಿಗೆ ಅದೇ ವರ. ಮಾತಿಲ್ಲದ ಕಥೆ, ಹಿನ್ನೆಲೆಯಲ್ಲಿ ನೆರಳಿನ ಹಾಗೆ ನಡೆಯುತ್ತದೆ. ಈ ಐದರಲ್ಲಿ ಯಾವುದಕ್ಕೂ ಕನ್ನಡ ಸಬ್‌ಟೈಟಲ್ ಇಲ್ಲದಿರುವಾಗ ಮಾತಿಲ್ಲದಿರುವುದೂ ಒಂದು ಅನುಕೂಲವೇ. ಆನ್‌ಲೈನ್ ಆಟ ಇಲ್ಲ, ಒಂದೇ ಸೋಫಾ ಬೇಕು.

ಹಳೆಯ ಲ್ಯಾಪ್‌ಟಾಪ್ ಇದ್ದವರಿಗೆ 2011ರ ‘ಪೋರ್ಟಲ್ 2’. ಇದರ ಇಬ್ಬರ ಆಟ ಒಬ್ಬರ ಆಟಕ್ಕಿಂತ ಬೇರೆಯೇ ಕಥೆ: ಅಟ್ಲಾಸ್, ಪಿ-ಬಾಡಿ ಅನ್ನುವ ಎರಡು ರೋಬಾಟ್‌ಗಳು, ಗೋಡೆಯ ಮೇಲೆ ತಲಾ ಎರಡರಂತೆ ತೆರೆಯುವ ನಾಲ್ಕು ಮಾಯಾಬಾಗಿಲು (ಒಂದರಲ್ಲಿ ಹೊಕ್ಕರೆ ಅದರ ಜೋಡಿಯಲ್ಲಿ ಹೊರಗೆ), ಮೇಲಿನಿಂದ ಇಬ್ಬರಿಗೂ ಜಗಳ ಹಚ್ಚುವ ಕಂಪ್ಯೂಟರ್ ಗ್ಲಾಡೋಸ್. ಭಾವುಕತೆ ಹುಡುಕಬೇಡಿ, ನಗು ಮತ್ತು ಒಗಟು ಮಾತ್ರ. ಒಂದು ಎಚ್ಚರಿಕೆ: ಇಬ್ಬರಲ್ಲಿ ಒಬ್ಬರು ಇದನ್ನು ಮೊದಲೇ ಆಡಿದ್ದರೆ ಆಟ ಕೆಟ್ಟಿತು. ಉತ್ತರ ಗೊತ್ತಿದ್ದವರ ಬಾಯಿ ಸುಮ್ಮನಿರುವುದಿಲ್ಲ.

ಇನ್ನು ಒಬ್ಬರು ಬೆಂಗಳೂರು, ಒಬ್ಬರು ಅಮೆರಿಕ ಅನ್ನುವಂಥ ಜೋಡಿ. ಸಂದೇಶ ಹೋಗಿ ಬರುವುದಕ್ಕೆ 200 ಮಿಲಿಸೆಕೆಂಡಿಗೂ ಹೆಚ್ಚು ಹಿಡಿಯುವಾಗ ಇಬ್ಬರೂ ಒಂದೇ ಕ್ಷಣಕ್ಕೆ ಹಾರಬೇಕಾದ ಜಾಗದಲ್ಲಿ ‘ನಾನು ಒತ್ತಿದೆ’, ‘ಇಲ್ಲ, ಒತ್ತಲಿಲ್ಲ’ ಅನ್ನುವ ಜಗಳ ತಪ್ಪಿದ್ದಲ್ಲ. ಇವರಿಗೆ ‘ವೀ ವರ್ ಹಿಯರ್’ ಸರಣಿಯೇ ಸರಿ. ಕೋಟೆಯೊಂದರಲ್ಲಿ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ. ಚಿಹ್ನೆ ಕಾಣುವುದು ಒಬ್ಬರಿಗೆ, ತಿರುಗಿಸುವ ಸನ್ನೆಕೋಲು ಇರುವುದು ಇನ್ನೊಬ್ಬರ ಕೈಲಿ. ನಡುವೆ ವಾಕಿಟಾಕಿ, ಅದರಲ್ಲಿ ಒಂದು ಸಲಕ್ಕೆ ಒಬ್ಬರದೇ ಮಾತು. ಬಹುಪಾಲು ಕೆಲಸ ಮಾತಿನದ್ದೇ ಆದ್ದರಿಂದ ತುಸು ತಡ ಅಡ್ಡಿಯಾಗದು. ಇಬ್ಬರಿಗೂ ಬೇರೆ ಬೇರೆ ಯಂತ್ರ, ಮೈಕ್ ಬೇಕೇ ಬೇಕು. ಮೊದಲ ಭಾಗ ಸ್ಟೀಮ್‌ನಲ್ಲಿ (ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿ) ಉಚಿತ. ಅದನ್ನು ಮುಗಿಸಿ, ಹಿಡಿಸಿದರೆ 2022ರ ‘ಫಾರೆವರ್’ ಕೊಳ್ಳಿ, ಸರಣಿಯಲ್ಲಿ ಅದು ದೊಡ್ಡದು. ಚಿಹ್ನೆಗಳಿಗೆ ಮೊದಲೇ ಹೆಸರಿಟ್ಟುಕೊಳ್ಳಿ. ಒಬ್ಬರು ‘ಚಕ್ಕುಲಿ’ ಅಂದದ್ದು ಇನ್ನೊಬ್ಬರ ಕಣ್ಣಿಗೆ ‘ಬಸವನಹುಳು’ ಆಗಿದ್ದರೆ ನೀರು ಕುತ್ತಿಗೆಗೆ ಬರುವವರೆಗೂ ಗೊತ್ತಾಗುವುದಿಲ್ಲ.

ಖರ್ಚಿನ ಮಾತು. ಹೇಜ್‌ಲೈಟ್‌ನ ಮೂರನ್ನೂ ಒಬ್ಬರು ಕೊಂಡರೆ ಸಾಕು; ಇನ್ನೊಬ್ಬರು ‘ಫ್ರೆಂಡ್ಸ್ ಪಾಸ್’ ಉಚಿತವಾಗಿ ಇಳಿಸಿಕೊಂಡು, ಕೊಂಡವರು ಕಳಿಸಿದ ಆಹ್ವಾನ ಒಪ್ಪಬೇಕು. ಅದನ್ನಷ್ಟೇ ಇಟ್ಟುಕೊಂಡು ಆಟ ಶುರು ಮಾಡಲಾಗದು. ಒಬ್ಬರಲ್ಲಿ ಪಿಎಸ್5, ಒಬ್ಬರಲ್ಲಿ ಪಿಸಿ ಇದ್ದರೂ ‘ಸ್ಪ್ಲಿಟ್ ಫಿಕ್ಷನ್’ ನಡೆಯುತ್ತದೆ. ‘ಅನ್‌ರಾವೆಲ್ ಟೂ’ವನ್ನು ದೂರದಿಂದ ಆಡಲೇಬೇಕು ಅಂದರೆ ಸ್ಟೀಮ್‌ನ ರಿಮೋಟ್ ಪ್ಲೇ ಟುಗೆದರ್ ಇದೆ. ಅದು ಒಬ್ಬರ ಪರದೆಯನ್ನೇ ವಿಡಿಯೊ ಮಾಡಿ ಕಳಿಸುವುದರಿಂದ ಆತಿಥೇಯರ ಅಪ್‌ಲೋಡ್ ವೇಗ ಚೆನ್ನಾಗಿರಬೇಕು. ತಡ ತಟ್ಟುವುದು ಅತಿಥಿಗೆ ಮಾತ್ರ, ಹಾಗಾಗಿ ಪಳಗಿದ ಕೈ ಅತಿಥಿಯ ಕಡೆ ಇರಲಿ.