ಪಂಕಿಸಿ ಕಣಿವೆಯ ದುಯಿಸಿ ಊರಲ್ಲಿ ಗೆಸ್ಟ್‌ಹೌಸ್: ರೂಮು, ಊಟ, ಮತ್ತೆ ಜೆಲಿಮ್‌ಖಾನ್ ಕಥೆ

ಜಾರ್ಜಿಯಾಗೆ ಹೋಗೋ ನಮ್ಮವರು ಈಗ ತುಂಬಾ ಜಾಸ್ತಿ ಆಗಿದಾರೆ, ಆದ್ರೆ ಎಲ್ರೂ ಟಿಬಿಲಿಸಿ, ಕಜ್ಬೆಗಿ, ಗುಡೌರಿ, ಸಿಗ್ನಾಗಿ ಅಂತ ಅದೇ ರೂಟು ಹಿಡ್ಕೊಂಡು ಫೋಟೋ ತಕ್ಕೊಂಡು ವಾಪಸ್ ಬಂದ್ಬಿಡ್ತಾರೆ. ಪಂಕಿಸಿ ಕಣಿವೆ ಅಂದ್ರೆ ಟಿಬಿಲಿಸಿಯ ಟ್ರಾವೆಲ್ ಏಜೆಂಟೇ ಮುಖ ಸಿಂಡರಿಸಿದ, ಅಲ್ಲೇನಿದೆ ಸಾರ್, ಅದು ಟೆರರಿಸ್ಟ್ ಜಾಗ ಅಂದ. ನಾನು ಹೋದೆ, ಅಲ್ಲಿ ದುಯಿಸಿ ಅನ್ನೋ ಊರಲ್ಲಿ ಒಂದು ಮನೆಯವರು ನಡೆಸೋ ಗೆಸ್ಟ್‌ಹೌಸ್‌ನಲ್ಲಿ ಉಳ್ಕೊಂಡೆ, ಅದ್ರ ಬಗ್ಗೆನೇ ಈ ರಿವ್ಯೂ.

ಮನೆ ಹೆಸರು ಮಾತ್ರ ಹಾಕಲ್ಲ. ಯಾಕಂದ್ರೆ ಅಲ್ಲಿ ನಾನು ಬರೀ ಊಟ ನಿದ್ದೆ ಮಾಡ್ಕೊಂಡು ಬರ್ಲಿಲ್ಲ, ಇದೇ ಊರಲ್ಲಿ ಹುಟ್ಟಿ ಚೆಚ್ನ್ಯಾದಲ್ಲಿ ರಷ್ಯಾ ಸೇನೆ ವಿರುದ್ಧ ಹೋರಾಡಿದ ಜೆಲಿಮ್‌ಖಾನ್ ಖಾಂಗೋಶ್ವಿಲಿ ಬಗ್ಗೆ ಕೂತು ಮಾತಾಡಿದೀವಿ, ಆ ಮನುಷ್ಯನನ್ನ ಬರ್ಲಿನ್‌ವರೆಗೂ ಹುಡುಕ್ಕೊಂಡು ಹೋಗಿ ಕೊಂದಿದಾರೆ, ಅಂಥ ವಿಷಯ ಮಾತಾಡಿದವರ ಮನೆ ವಿಳಾಸ ಇಂಟರ್ನೆಟ್‌ನಲ್ಲಿ ಬರೆಯೋದು ನನಗೆ ಸರಿ ಕಾಣಲ್ಲ. ದುಯಿಸಿಯಲ್ಲಿ ಇಂಥ ಮನೆಗಳು ಇನ್ನೂ ಇವೆ, ಬುಕಿಂಗ್ ಸೈಟಲ್ಲೇ ಸಿಗುತ್ತೆ, ಹೆಚ್ಚಿನವನ್ನ ಹೆಂಗಸರೇ ನಡೆಸ್ತಾರೆ.

ಮೊದ್ಲು ಜಾಗ ಹೇಳ್ತೀನಿ. ಟಿಬಿಲಿಸಿಯಿಂದ ಈಶಾನ್ಯಕ್ಕೆ, ಕಾಖೇತಿ ಪ್ರಾಂತ್ಯದ ಅಖ್ಮೇತಾ ತಾಲೂಕು, ಕಾರಲ್ಲಿ ಎರಡೂವರೆ ಮೂರು ಗಂಟೆ, ಕಡಿಮೆ ದುಡ್ಡಲ್ಲಿ ಹೋಗ್ಬೇಕಂದ್ರೆ ಮಾರ್ಶ್ರುತ್ಕಾ ಅಂತ ವ್ಯಾನು ಓಡಾಡುತ್ತೆ. ಅಲಜಾನಿ ಹೊಳೆ ದಡದಲ್ಲಿ ದುಯಿಸಿ, ಜೊಕೊಲೊ, ಬಿರ್ಕಿಯಾನಿ ಅಂತ ಸಣ್ಣ ಸಣ್ಣ ಊರುಗಳು, ಹಿಂದೆ ಕಾಕಸಸ್ ಬೆಟ್ಟ, ಬೆಟ್ಟದ ಆಚೆ ರಷ್ಯಾಗೆ ಸೇರಿದ ಚೆಚ್ನ್ಯಾ. ಇಲ್ಲಿರೋ ಕಿಸ್ತ್ ಜನ ಮೂಲದಲ್ಲಿ ಚೆಚೆನ್ನರೇ, ಹತ್ತೊಂಬತ್ತನೇ ಶತಮಾನದಲ್ಲಿ ಬೆಟ್ಟ ದಾಟಿ ಬಂದು ನೆಲೆಸಿದವರು, ಮನೆಯಲ್ಲಿ ಚೆಚೆನ್ ಭಾಷೆ, ಸ್ಕೂಲಲ್ಲಿ ಆಫೀಸಲ್ಲಿ ಜಾರ್ಜಿಯನ್ ಭಾಷೆ, ಎಷ್ಟೋ ಜನರ ಮನೆತನದ ಹೆಸರೂ ಜಾರ್ಜಿಯನ್ ಥರ ಶ್ವಿಲಿ ಅಂತ ಮುಗಿಯುತ್ತೆ. ಸುತ್ತಮುತ್ತ ಇಡೀ ಕಾಖೇತಿ ವೈನಿಗೆ ಫೇಮಸ್ಸು, ಈ ಕಣಿವೆಯೊಳಗೆ ಮಾತ್ರ ಕುಡಿತ ಇಲ್ಲ, ಮುಸ್ಲಿಮರ ಊರು, ಬ್ಯಾಗಲ್ಲಿ ಬಾಟ್ಲಿ ಇಟ್ಕೊಂಡು ಹೋಗ್ಬೇಡಿ, ಅದು ಮನೆಯವರಿಗೆ ಮಾಡೋ ಅವಮಾನ.

ರೂಮು ಚೆನ್ನಾಗಿದೆ, ಸಾದಾ. ಮರದ ನೆಲ, ದಪ್ಪ ರಜಾಯಿ, ಕಿಟಕಿ ತೆಗೆದ್ರೆ ಬೆಟ್ಟ. ಬಾತ್‌ರೂಮ್ ಎರಡು ರೂಮಿಗೆ ಒಂದೇ, ಬಿಸಿನೀರು ಬರುತ್ತೆ ಆದ್ರೆ ಒಬ್ಬರ ಸ್ನಾನ ಆದ್ಮೇಲೆ ಇನ್ನೊಬ್ಬರು ಕಾಯ್ಬೇಕು. ವೈಫೈ ಸಂಜೆ ಹೊತ್ತು ಅಷ್ಟಕ್ಕಷ್ಟೇ. ಕ್ಲೀನು ಮಾತ್ರ ಎರಡು ಮಾತಿಲ್ಲ.

ಊಟ! ಇದ್ರ ಬಗ್ಗೆ ಎಷ್ಟು ಬರೆದ್ರೂ ಸಾಲಲ್ಲ. ಜಿಜಿಗ್ ಗಾಲ್ನಷ್ ಅಂತ ಚೆಚೆನ್ನರ ಮುಖ್ಯ ಅಡುಗೆ, ಬೇಯಿಸಿದ ಮಾಂಸ, ಪಕ್ಕದಲ್ಲಿ ಹಿಟ್ಟಿನ ಕಡುಬು, ಒಂದು ಬಟ್ಟಲಲ್ಲಿ ಬೆಳ್ಳುಳ್ಳಿ ಅರೆದು ಹಾಕಿದ ಸಾರು, ಕಡುಬನ್ನ ಅದ್ರಲ್ಲಿ ಅದ್ದಿ ತಿನ್ನೋದು. ಸಸ್ಯಾಹಾರಿಗಳು ಹೆದರ್ಕೋಬೇಡಿ, ಚೆಪಾಲ್ಗಷ್ ಇದೆ, ಚೀಸು ಅಥವಾ ಆಲೂಗಡ್ಡೆ ತುಂಬಿ ತೆಳ್ಳಗೆ ಲಟ್ಟಿಸಿ ಬೆಣ್ಣೆ ಸವರೋದು, ನಮ್ಮ ಹೋಳಿಗೆ ಕಂಡ ಹಾಗೇ ಆಯ್ತು, ಆಮೇಲೆ ಸಿಹಿಗುಂಬಳ ತುಂಬಿದ ಖಿಂಗಾಲ್ಶ್, ತುರಿಕೆ ಸೊಪ್ಪು ತುಂಬಿದ ಕಡುಬು ಕೂಡ ಮಾಡ್ತಾರೆ, ಮುಂಚೆನೇ ಮಾಂಸ ಬೇಡ ಅಂತ ಹೇಳಿದ್ರೆ ಬೇರೆ ಪಾತ್ರೆಯಲ್ಲಿ ಮಾಡ್ಕೊಡ್ತಾರೆ. ಕುಡಿಯೋಕೆ ಕಿಸ್ತರ ಬಿಯರ್, ಹೆಸರಿಗೆ ಮಾತ್ರ ಬಿಯರ್, ಕಾಡುಗುಲಾಬಿ ಕಾಯಿ ಹಾಕಿ ಮಾಡೋದು, ಮದ್ಯ ಇಲ್ಲ. ಮನೆಯಮ್ಮ ನಾವು ತಿಂದು ಮುಗಿಸೋವರೆಗೂ ಕೂರಲ್ಲ, ತಟ್ಟೆ ಖಾಲಿ ಆಗೋಕೆ ಬಿಡಲ್ಲ, ಸಾಕಮ್ಮ ಅಂದ್ರೂ ಕೇಳಲ್ಲ. ಅತಿಥಿಯ ಹೊಣೆ ಮನೆಯವರದ್ದು ಅನ್ನೋದು ಚೆಚೆನ್ನರಲ್ಲಿ ಕಾನೂನಿಗಿಂತ ದೊಡ್ಡದು.

ಈಗ ನಿಜವಾಗಿ ಬರೀಬೇಕು ಅನ್ಕೊಂಡಿದ್ದ ವಿಷಯ. ಗೆಸ್ಟ್‌ಹೌಸ್‌ನವರೇ ಊರು ಸುತ್ತಿಸೋ ಗೈಡ್ ಕೊಡ್ತಾರೆ, ಆ ಮನೆ ಕಡೆಯ ಹುಡುಗಿ, ಇಂಗ್ಲಿಷ್ ಚೆನ್ನಾಗಿ ಮಾತಾಡ್ತಾಳೆ. ನಾನಿರೋದು ಬರ್ಲಿನ್‌ನಲ್ಲಿ, ಕೆಲಸಕ್ಕೆ ಮೊವಾಬಿಟ್ ಕಡೆ ಹೋಗ್ತೀನಿ, ಅಲ್ಲಿ ಕ್ಲೈನರ್ ಟಿಯರ್‌ಗಾರ್ಟನ್ ಅಂತ ಸಣ್ಣ ಪಾರ್ಕು, ಜೆಲಿಮ್‌ಖಾನ್‌ನ ಕೊಂದಿದ್ದು ಅಲ್ಲೇ. ಆ ಪಾರ್ಕು ದಾಟ್ಕೊಂಡು ಓಡಾಡೋನು ಅಂತ ಹೇಳಿದ ಮೇಲೆ ಆಕೆ ಮಾತಾಡೋ ರೀತಿಯೇ ಬದಲಾಯ್ತು. ಗೈಡ್ ಪುಸ್ತಕದ ಮಾತು ಬಿಟ್ಟು, ನಮ್ಮೂರ ಮನುಷ್ಯ ಅಂತ ಶುರು ಮಾಡಿದ್ಲು.

1979ರಲ್ಲಿ ದುಯಿಸಿಯಲ್ಲೇ ಹುಟ್ಟಿದ್ದು. 1999ರಲ್ಲಿ ಎರಡನೇ ಚೆಚೆನ್ ಯುದ್ಧ ಶುರುವಾದಾಗ ಬೆಟ್ಟ ದಾಟಿ ಸಾವಿರಾರು ಜನ ನಿರಾಶ್ರಿತರು ಈ ಕಣಿವೆಗೆ ಬಂದ್ರು, ಒಂದೊಂದು ಮನೆಯಲ್ಲೂ ನೆಂಟರು, ನೆಂಟರ ನೆಂಟರು, ಜೊತೆಗೆ ಗಾಯಾಳು ಹೋರಾಟಗಾರರು. ಈ ಹುಡುಗ ಮಾತ್ರ ಉಲ್ಟಾ ದಾರಿ ಹಿಡಿದ, ಇಲ್ಲಿಂದ ಆ ಕಡೆಗೆ ಹೋಗಿ ರಷ್ಯಾ ಸೇನೆ ಎದುರು ಹೋರಾಡಿದ, ಚೆಚೆನ್ ಪ್ರತ್ಯೇಕತಾವಾದಿ ನಾಯಕ ಮಸ್ಖಾದೋವ್ ಕಡೆಯ ಫೀಲ್ಡ್ ಕಮಾಂಡರ್ ಆದ. ಯಾರೂ ಕರೆದು ಸಂಬಳ ಕೊಟ್ಟಿದ್ದಲ್ಲ, ಜಾರ್ಜಿಯಾ ಪಾಸ್‌ಪೋರ್ಟಿನ ಹುಡುಗ, ತಾನಾಗೇ ಹೋದವನು. ಆಮೇಲೆ ವಾಪಸ್ ಬಂದ. 2008ರ ಆಗಸ್ಟಲ್ಲಿ ರಷ್ಯಾ ಜಾರ್ಜಿಯಾ ಮೇಲೆ ಯುದ್ಧಕ್ಕೆ ಬಂದಾಗ ಸ್ವಯಂಸೇವಕರ ಒಂದು ತುಕಡಿ ಕಟ್ಟಿದ, ಆ ಯುದ್ಧ ಐದೇ ದಿನಕ್ಕೆ ಮುಗೀತು. 2012ರಲ್ಲಿ ಪಕ್ಕದ ಲೊಪೋತಾ ಕಣಿವೆಯಲ್ಲಿ ಬಂದೂಕು ಹಿಡಿದ ಗುಂಪೊಂದನ್ನ ಜಾರ್ಜಿಯಾ ಪಡೆ ಸುತ್ತುವರಿದಾಗ ಮಾತುಕತೆ ಮಾಡಿ ಜೀವ ಉಳಿಸೋಕೆ ಅಂತ ಈತನನ್ನ ಕಳ್ಸಿದ್ರು, ಅದು ಫಲ ಕೊಡ್ಲಿಲ್ಲ, ಕಾರ್ಯಾಚರಣೆಯಲ್ಲಿ 11 ಮಂದಿ ಬಂದೂಕುಧಾರಿಗಳು, ಮೂರು ಮಂದಿ ಜಾರ್ಜಿಯಾ ಪಡೆಯವರು ಸತ್ತರು.

2015ರ ಮೇ ತಿಂಗಳಲ್ಲಿ ಟಿಬಿಲಿಸಿಯಲ್ಲೇ ಗುಂಡು ಹಾರಿಸಿದ್ರು, ಗಾಯ ಆಯ್ತು, ಬದುಕಿದ. ಸ್ವಂತ ದೇಶದ ರಾಜಧಾನಿಯಲ್ಲೇ ಉಳಿಗಾಲ ಇಲ್ಲ ಅಂತಾದ್ಮೇಲೆ ಉಕ್ರೇನ್, ಅಲ್ಲಿಂದ ಜರ್ಮನಿ. ಆಶ್ರಯ ಕೇಳಿ ಅರ್ಜಿ ಹಾಕಿದ, ಜರ್ಮನಿ ತಿರಸ್ಕರಿಸ್ತು. ನನಗೆ ಹೊಟ್ಟೆ ಉರಿಯೋದು ಇಲ್ಲೇ. ಒಮ್ಮೆ ಗುಂಡು ತಿಂದ ಮನುಷ್ಯ ನನ್ನ ಜೀವಕ್ಕೆ ಅಪಾಯ ಇದೆ ಅಂತ ಬಂದು ಹೇಳ್ತಿದಾನೆ, ಆಫೀಸಲ್ಲಿ ಕೂತವರಿಗೆ ಅದು ಸಾಕಾಗ್ಲಿಲ್ಲ. 2019ರ ಆಗಸ್ಟ್ 23, ಶುಕ್ರವಾರ, ನಡು ಮಧ್ಯಾಹ್ನ, ನಮಾಜಿಗೆ ಹೋಗೋ ದಾರಿಯಲ್ಲಿ ಸೈಕಲ್ ಮೇಲೆ ಬಂದವನು ಸೈಲೆನ್ಸರ್ ಹಾಕಿದ ಪಿಸ್ತೂಲಲ್ಲಿ ಹಿಂದಿನಿಂದ ಹೊಡೆದ, ಕೆಳಗೆ ಬಿದ್ದ ಮೇಲೆ ತಲೆಗೆ ಹೊಡೆದ. ವಯಸ್ಸು 40. ಹೊಡೆದವನು ಸ್ಪ್ರೀ ನದಿಗೆ ಸೈಕಲ್ಲು, ವಿಗ್ಗು, ಪಿಸ್ತೂಲು ಎಲ್ಲಾ ಎಸೀತಿದ್ದಿದ್ದನ್ನ ಇಬ್ಬರು ಹುಡುಗರು ನೋಡಿ ಪೊಲೀಸರಿಗೆ ಹೇಳಿದ್ರು, ಅದಕ್ಕೇ ಸಿಕ್ಕಿಬಿದ್ದ. ಆ ಇಬ್ಬರು ಹುಡುಗರಿಲ್ದಿದ್ರೆ ಈ ಕೇಸು ಇವತ್ತಿಗೂ ಯಾರೋ ಯಾರನ್ನೋ ಕೊಂದ್ರು ಅಂತ ಫೈಲಲ್ಲೇ ಕೂತಿರ್ತಿತ್ತು.

ಪಾಸ್‌ಪೋರ್ಟಲ್ಲಿ ವಾದಿಮ್ ಸೊಕೊಲೋವ್ ಅಂತಿತ್ತು, ನಿಜವಾದ ಹೆಸರು ವಾದಿಮ್ ಕ್ರಾಸಿಕೋವ್ ಅಂತ ಪತ್ರಕರ್ತರು ಪತ್ತೆ ಹಚ್ಚಿದ್ರು, 2013ರಲ್ಲಿ ಮಾಸ್ಕೋದಲ್ಲಿ ಇದೇ ಥರ ಸೈಕಲ್ಲಲ್ಲಿ ಬಂದು ಒಬ್ಬ ಉದ್ಯಮಿಯನ್ನ ಕೊಂದ ಕೇಸಲ್ಲಿ ರಷ್ಯಾನೇ ಹುಡುಕ್ತಿದ್ದ ಹೆಸರು ಅದು. 2021ರ ಡಿಸೆಂಬರ್ 15ಕ್ಕೆ ಬರ್ಲಿನ್ ಕೋರ್ಟು ಜೀವಾವಧಿ ಶಿಕ್ಷೆ ಕೊಡ್ತು, ಕೊಲೆಗೆ ಆದೇಶ ಬಂದಿದ್ದು ರಷ್ಯಾ ಸರ್ಕಾರದಿಂದ ಅಂತ ತೀರ್ಪಲ್ಲೇ ಬರೀತು. ಆಮೇಲೇನಾಯ್ತು? 2024ರ ಆಗಸ್ಟ್ 1ಕ್ಕೆ ಅಂಕಾರಾದಲ್ಲಿ ರಷ್ಯಾಗೂ ಪಶ್ಚಿಮದ ದೇಶಗಳಿಗೂ ನಡುವೆ ಕೈದಿಗಳ ಅದಲು ಬದಲು, ಒಟ್ಟು 24 ಜನ, ಅದ್ರಲ್ಲಿ ಕ್ರಾಸಿಕೋವ್ ಕೂಡ. ಮಾಸ್ಕೋ ಏರ್‌ಪೋರ್ಟಲ್ಲಿ ಕೆಂಪು ಹಾಸು, ಪುಟಿನ್ ತಾನೇ ಬಂದು ತಬ್ಕೊಂಡ, ಮಾರನೇ ದಿನ ಇವ್ನು ನಮ್ಮ ಗುಪ್ತಚರ ಸಂಸ್ಥೆ ಎಫ್‌ಎಸ್‌ಬಿಯವನೇ ಅಂತ ಅಧಿಕೃತವಾಗಿ ಒಪ್ಪಿಕೊಂಡ್ರು. ಆ ಬಿಡುಗಡೆಯಿಂದ ಜೈಲಲ್ಲಿ ಕೊಳೀತಿದ್ದ ಪತ್ರಕರ್ತರು, ವಿರೋಧಿಗಳು ಹೊರಗೆ ಬಂದ್ರು, ಅದು ಬೇಡವಾಗಿತ್ತು ಅಂತ ನಾನು ಹೇಳಲ್ಲ. ಆದ್ರೆ ದುಯಿಸಿಯಲ್ಲಿ ಕೂತು ಯೋಚನೆ ಮಾಡಿದ್ರೆ ಲೆಕ್ಕ ಬೇರೆ ಕಾಣುತ್ತೆ, ಈ ಊರಿನ ಮನುಷ್ಯನನ್ನ ಕೊಂದವನು ಐದು ವರ್ಷಕ್ಕೇ ಮನೆಗೆ ಹೋದ, ಇವರ ಕೈಗೆ ವಾಪಸ್ ಸಿಕ್ಕಿದ್ದು ಶವ ಮಾತ್ರ.

ಜೆಲಿಮ್‌ಖಾನ್‌ನ ಹುತಾತ್ಮ ಮಾಡಿ ದೇವರ ಪಟದ ಪಕ್ಕ ಇಡೋ ಥರ ಆಕೆ ಮಾತಾಡ್ಲಿಲ್ಲ, ಇದನ್ನ ಒತ್ತಿ ಹೇಳ್ಬೇಕು. ರಷ್ಯಾ ಏನು ಹೇಳುತ್ತೆ ಅನ್ನೋದನ್ನೂ ಹೇಳಿದ್ಲು, ಕ್ರೂರಿ, ಮಾಸ್ಕೋ ಮೆಟ್ರೋ ಬಾಂಬಿನಲ್ಲೂ ಕೈ ಇತ್ತು ಅಂತ 2019ರಲ್ಲಿ ಪುಟಿನ್ನೇ ಆರೋಪ ಮಾಡಿದ್ದು, ಒಪ್ಪಿಸಿ ಅಂತ ಕೇಳಿದ್ವಿ ಅಂದಿದ್ದು, ಅಂಥ ಕೋರಿಕೆ ಬಂದಿದ್ದೇ ಗೊತ್ತಿಲ್ಲ ಅಂತ ಜರ್ಮನಿ ಸರ್ಕಾರ ಉತ್ತರ ಕೊಟ್ಟಿದ್ದು. ಊರಲ್ಲೇ ಬಂದೂಕು ಹಿಡಿಯೋ ದಾರಿ ಬೇಡ ಅನ್ನೋ ಹಿರಿಯರಿದಾರೆ ಅಂತಲೂ ಹೇಳಿದ್ಲು. ಇದೇ ಕಣಿವೆಯ ಬಿರ್ಕಿಯಾನಿಯಿಂದ ಹೋದ ತಾರ್ಖಾನ್ ಬತಿರಶ್ವಿಲಿ ಐಸಿಸ್‌ನಲ್ಲಿ ದೊಡ್ಡ ಕಮಾಂಡರ್ ಆಗಿ ಸತ್ತ, ಆ ಒಂದು ಹೆಸರಿಂದ ಇಡೀ ಕಣಿವೆಗೆ ಬಿದ್ದ ಮಸಿ ಇನ್ನೂ ಹೋಗಿಲ್ಲ. ಸ್ವಂತ ಜನರ ಜೊತೆ ಆಕ್ರಮಣದ ವಿರುದ್ಧ ನಿಂತವನನ್ನೂ, ಸಿರಿಯಾಕ್ಕೆ ಹೋಗಿ ಅಲ್ಲಿನ ಜನರನ್ನೇ ತುಳಿದ ಗುಂಪು ಸೇರಿದವನನ್ನೂ ಒಂದೇ ಪದದಲ್ಲಿ ಟೆರರಿಸ್ಟ್ ಅಂತ ಸುತ್ತಿ ಎಸೆಯೋರಿಗೆ ಈ ಗೈಡ್ ಹತ್ರ ಒಂದು ಸುತ್ತು ಹೋಗಿ ಬನ್ನಿ ಅಂತೀನಿ ನಾನು.

ಬರ್ಲಿನ್‌ನಿಂದ ತಂದು ದುಯಿಸಿಯಲ್ಲೇ ಮಣ್ಣು ಮಾಡಿದಾರೆ. ಸಮಾಧಿಯನ್ನ ಟೂರಿನ ಪಟ್ಟಿಯಲ್ಲಿ ಸೇರಿಸಿಲ್ಲ, ನಾನೂ ಕೇಳ್ಲಿಲ್ಲ. ಅದನ್ನ ತೋರಿಸಿ ದುಡ್ಡು ಮಾಡ್ಬಹುದಿತ್ತು, ಮಾಡಿಲ್ಲ, ಈ ಗೆಸ್ಟ್‌ಹೌಸಿನ ಮೇಲೆ ನನಗೆ ಗೌರವ ಬಂದಿದ್ದು ಇದಕ್ಕೇ.

ಸರಿ ಇಲ್ಲ ಅನಿಸಿದ್ದೂ ಇದೆ. ಊರು ಸುತ್ತೋದು ಅರ್ಧ ದಿನ ಅಂತ ಹೇಳಿರ್ತಾರೆ, ಆದ್ರೆ ಹಳೇ ಮಸೀದಿ ಹತ್ರ ತುಂಬಾ ಹೊತ್ತು ಹಿಡಿದು ಹೊಳೆ ಕಡೆಗೆ ಹೋಗೋದನ್ನ ಅವಸರದಲ್ಲಿ ಮುಗಿಸಿದ್ರು. 2019ರ ಏಪ್ರಿಲಲ್ಲಿ ಇಲ್ಲಿ ಜಲವಿದ್ಯುತ್ ಯೋಜನೆ ವಿರುದ್ಧ ಊರವರು ಪೊಲೀಸರ ಎದುರು ನಿಂತಿದ್ರು, ಆ ಕಥೆ ಹೊಳೆ ದಡದಲ್ಲೇ ನಿಂತು ಕೇಳ್ಬೇಕಿತ್ತು, ಗಾಡಿಯಲ್ಲಿ ವಾಪಸ್ ಬರುವಾಗ ಎರಡು ಮಾತಲ್ಲಿ ಹೇಳಿ ಮುಗಿಸಿದ್ಲು. ಗೈಡಿನ ದುಡ್ಡು ರೂಮಿನ ಬಾಡಿಗೆಯಲ್ಲಿ ಸೇರಿಲ್ಲ ಅನ್ನೋದನ್ನ ಬುಕ್ ಮಾಡುವಾಗಲೇ ಸ್ಪಷ್ಟವಾಗಿ ಬರೀಬೇಕು. ದುಡ್ಡು ಜಾಸ್ತಿ ಅಂತಲ್ಲ, ಕೊಟ್ಟಿದ್ದಕ್ಕೆ ಮೋಸ ಇಲ್ಲ.

ಹೋಗೋರಿಗೆ: ಆದಷ್ಟು ಗುರುವಾರ ಸಂಜೆಯೊಳಗೆ ತಲುಪಿ, ಶುಕ್ರವಾರ ಮಧ್ಯಾಹ್ನ ಹಳೇ ಮಸೀದಿಯಲ್ಲಿ ಹೆಂಗಸರು ಜಿಕ್ರ್, ಅಂದ್ರೆ ದೇವರ ನಾಮಸ್ಮರಣೆ, ಮಾಡ್ತಾರೆ, ಸೂಫಿ ಕುಂತಾ ಹಾಜಿ ಪಂಥದವರು, ಸುತ್ತಲೂ ನಿಂತು ಚಪ್ಪಾಳೆ ತಟ್ತಾ ಸುತ್ತು ಹಾಕ್ತಾ ಹಾಡ್ತಾರೆ, ಹೊರಗಿನವರು ಸುಮ್ಮನೆ ಕೂತು ನೋಡೋಕೆ ಬಿಡ್ತಾರೆ, ಹೆಂಗಸರಿಗೆ ತಲೆಗೆ ಬಟ್ಟೆ, ಎಲ್ರಿಗೂ ಮೈ ಮುಚ್ಚೋ ಉಡುಪು, ವಿಡಿಯೋ ಮಾಡೋ ಮುಂಚೆ ಕೇಳಿ. ಜಾರ್ಜಿಯಾದ ದುಡ್ಡು ಲಾರಿ, ಅದ್ರ ನೋಟು ಕೈಯಲ್ಲಿರಲಿ, ಕಾರ್ಡ್ ನಂಬ್ಕೊಂಡು ಹೋಗ್ಬೇಡಿ. ಜೆಲಿಮ್‌ಖಾನ್ ಹೆಸರನ್ನ ಬಾಗಿಲಲ್ಲೇ ಎತ್ತಬೇಡಿ, ರಾತ್ರಿ ಊಟ ಆಗಿ ಚಹಾ ಬಂದ ಮೇಲೆ ಕೇಳಿ, ಹೇಳೋ ಮನಸ್ಸಿದ್ರೆ ಅವ್ರೇ ಹೇಳ್ತಾರೆ, ಇಲ್ಲಾಂದ್ರೆ ಬಿಟ್ಬಿಡಿ. ಅದಕ್ಕೇ ಟಿಬಿಲಿಸಿಯಿಂದ ಬೆಳಗ್ಗೆ ಬಂದು ಸಂಜೆ ವಾಪಸ್ ಹೋಗೋ ಪ್ಯಾಕೇಜ್ ತಗೋಬೇಡಿ, ಒಂದು ರಾತ್ರಿನಾದ್ರೂ ಉಳ್ಕೊಳ್ಳಿ. ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಕಮ್ಮಿ ಮಾಡಿದ ಅರ್ಧ ಬಿಸಿನೀರಿಗೆ ಮತ್ತೆ ಹೊಳೆ ಕಡೆ ಮಾಡಿದ ಅವಸರಕ್ಕೆ.